ಉತ್ತರ ಯುರೋಪಿನ ಶರತ್ಕಾಲಕ್ಕೆ ಹೊರಡುವ ಮುನ್ನ: ಹವಾಮಾನದ ತಯಾರಿ, ಹಂತ ಹಂತವಾಗಿ

ದಸರಾ ರಜೆಗೆ ಸ್ವೀಡನ್, ನಾರ್ವೆ ಕಡೆ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಎಷ್ಟು ಡಿಗ್ರಿ ಇರುತ್ತದೆ?" ಎಂಟೋ ಹತ್ತೋ ಎಂದು ತಿಳಿದ ಕೂಡಲೇ ಒಂದು ದಪ್ಪ ಜರ್ಕಿನ್, ಎರಡು ಜೊತೆ ಥರ್ಮಲ್, ಒಂದು ಮಡಚುವ ಛತ್ರಿ ಸೂಟ್‌ಕೇಸ್ ಸೇರುತ್ತವೆ. ಸ್ವೀಡನ್ನಿನ ಉಪ್ಸಲಾದಲ್ಲಿ ನೆಲೆಸಿರುವ ನಾನು ನಮ್ಮವರು ಇದೇ ತಯಾರಿಯಲ್ಲಿ ಬಂದು ಎರಡನೆಯ ದಿನವೇ ಸೋತು ಹೋಟೆಲಿನಲ್ಲಿ ಕೂತದ್ದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅವರನ್ನು ಸೋಲಿಸಿದ್ದು ಚಳಿಯಲ್ಲ. ಒದ್ದೆ, ಗಾಳಿ ಮತ್ತು ಕತ್ತಲೆ.

ಶರತ್ಕಾಲ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮಗೆ ಶರದೃತುವೆಂದರೆ ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ಹಾಗಾಗುವ ಕಾಲ, ಬೆಳದಿಂಗಳ ಕಾಲ. ಅಲ್ಲಿ ನಡೆಯುವುದು ಇದರ ತಿರುಗುಮುರುಗು. ಅಟ್ಲಾಂಟಿಕ್ ಸಾಗರದಿಂದ ಒಂದರ ಹಿಂದೊಂದು ವಾಯುಭಾರ ಕುಸಿತಗಳು ಹೊರಟು ಬರುವುದು, ಮೋಡ ಕವಿಯುವುದು, ಹಗಲು ದಿನದಿನಕ್ಕೂ ಕುಗ್ಗುವುದು ಇದೇ ಕಾಲದಲ್ಲಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಟ್ಟೆ ಕೊಂಡ ಮೇಲೆ ದಿನಾಂಕ ನಿರ್ಧರಿಸಲು ಹೊರಟರೆ ಹಣ ದಂಡ.

ಹಂತ 1: ತಿಂಗಳನ್ನಲ್ಲ, ವಾರವನ್ನು ಆರಿಸಿ

ಇದು ಟಿಕೆಟ್ ತೆಗೆಯುವ ಮೊದಲಿನ ಕೆಲಸ. "ಅಕ್ಟೋಬರ್‌ನಲ್ಲಿ ಹೋಗುತ್ತೇವೆ" ಎಂದರೆ ಏನೂ ಹೇಳಿದಂತಾಗಲಿಲ್ಲ. ಅಕ್ಟೋಬರ್ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ನಡುವೆ ಅಲ್ಲಿ ಒಂದು ಋತುವಿನಷ್ಟೇ ಅಂತರವಿದೆ. ದಸರಾ ನೆಚ್ಚಿ ಹೊರಡುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೆ. ಈ ಮೂರು ವಾರಗಳ ನಡುವೆ ಸ್ಟಾಕ್‌ಹೋಮ್‌ನಲ್ಲಿ ಹಗಲು ಸುಮಾರು ಎರಡು ಗಂಟೆ ಕಡಿಮೆಯಾಗುತ್ತದೆ. ಹೋದ ವರ್ಷ ಹೋಗಿ ಬಂದವರ ಅನುಭವ ಈ ವರ್ಷಕ್ಕೆ ಹೊಂದದಿರುವುದು ಇದರಿಂದಲೇ.

ಸೆಪ್ಟೆಂಬರ್ ತಿಂಗಳ ಮೊದಲ ಮೂರು ವಾರ ಎಲ್ಲಕ್ಕಿಂತ ಸುಲಭ. ಸ್ಟಾಕ್‌ಹೋಮ್, ಕೋಪನ್‌ಹೇಗನ್‌ಗಳಲ್ಲಿ ಹಗಲಿನ ಉಷ್ಣಾಂಶ 15ರಿಂದ 18 ಡಿಗ್ರಿ, ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹತ್ತರ ಆಸುಪಾಸು. ಫಿನ್‌ಲೆಂಡಿನ ಲ್ಯಾಪ್‌ಲೆಂಡ್ ಪ್ರಾಂತದಲ್ಲಿ ಬರ್ಚ್ ಮರಗಳೂ ನೆಲದ ಕುರುಚಲು ಗಿಡಗಳೂ ಹಳದಿ, ಕೆಂಪಾಗಿ ಉರಿಯುವುದು ಈ ತಿಂಗಳ ನಡುವೆ. ಅದನ್ನು ಅಲ್ಲಿನವರು "ರುಸ್ಕಾ" ಎನ್ನುತ್ತಾರೆ. ಒಂದು ಜೋರು ಗಾಳಿ ಬೀಸಿದರೆ ರುಸ್ಕಾ ಮುಗಿಯಿತು, ಎಲೆಗಳೆಲ್ಲ ನೆಲದ ಮೇಲೆ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಆ ಬಣ್ಣ ದಕ್ಷಿಣಕ್ಕೆ ಇಳಿಯುತ್ತದೆ. ಹೆಲ್ಸಿಂಕಿ, ಸ್ಟಾಕ್‌ಹೋಮ್, ಓಸ್ಲೊ ನೋಡಲು ಇದು ಒಳ್ಳೆಯ ಕಾಲ. ಹಗಲು ಹತ್ತು ಹನ್ನೆರಡು ಡಿಗ್ರಿ, ರಾತ್ರಿ ಐದರ ಆಸುಪಾಸು.

ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗಿನ ಅವಧಿಯಲ್ಲೇ ನಮ್ಮವರು ಹೆಚ್ಚು ಎಡವುವುದು. ಲ್ಯಾಪ್‌ಲೆಂಡಿನಲ್ಲಿ ಆಗ ಎಲೆ ಉದುರಿ ಮುಗಿದಿರುತ್ತದೆ, ಹಿಮ ಇನ್ನೂ ನಿಂತಿರುವುದಿಲ್ಲ. ಬಿದ್ದರೂ ಕರಗಿ ಕೆಸರಾಗುತ್ತದೆ. ಹಿಮದ ಮೇಲೆ ನಾಯಿಗಳು ಎಳೆಯುವ ಜಾರುಬಂಡಿಯ ಆಸೆ ಇಟ್ಟುಕೊಂಡು ಅಕ್ಟೋಬರ್ 20ಕ್ಕೆ ರೊವಾನಿಯೆಮಿಗೆ ಹೋದರೆ ಮಕ್ಕಳಿಗೆ ಗಾಲಿ ಹಾಕಿದ ಬಂಡಿ ಸಿಕ್ಕೀತು, ಅಷ್ಟೇ. ಹಿಮವೇ ಬೇಕೆಂದರೆ ಡಿಸೆಂಬರ್‌ಗೆ ಮುಂದೂಡಿ. ನಡುವಿನ ದಾರಿ ಇಲ್ಲ.

ನವೆಂಬರ್ ಬೂದು ಬಣ್ಣದ ತಿಂಗಳು. ಕೋಪನ್‌ಹೇಗನ್ ಏಳೆಂಟು ಡಿಗ್ರಿ, ಸ್ಟಾಕ್‌ಹೋಮ್, ಹೆಲ್ಸಿಂಕಿ ನಾಲ್ಕೈದು, ರೊವಾನಿಯೆಮಿ ಶೂನ್ಯದ ಕೆಳಗೆ. ವಸ್ತುಸಂಗ್ರಹಾಲಯ, ಸಂಗೀತ ಕಛೇರಿ, ಸೌನಾ (ಬಿಸಿ ಹಬೆಯ ಸ್ನಾನ) ಇಷ್ಟಪಡುವವರಿಗೆ ನವೆಂಬರ್ ಚೆನ್ನಾಗಿಯೇ ಇರುತ್ತದೆ. ಬೆಟ್ಟ, ಕಡಲು, ಚಾರಣ ಬಯಸುವವರಿಗೆ ಬೇಡ ಎಂದೇ ಹೇಳುತ್ತೇನೆ.

ಹಂತ 2: ಪೂರ್ವವೋ ಪಶ್ಚಿಮವೋ ಎಂದು ನೋಡಿ

ಉತ್ತರಕ್ಕೆ ಹೋದಷ್ಟೂ ಚಳಿ ಎಂಬ ಲೆಕ್ಕ ಅಲ್ಲಿ ಅರ್ಧ ಮಾತ್ರ ನಿಜ. ಪಶ್ಚಿಮದ ಕರಾವಳಿಗೆ ಅಟ್ಲಾಂಟಿಕ್‌ನ ಬೆಚ್ಚನೆಯ ನೀರೂ ಒದ್ದೆ ಗಾಳಿಯೂ ತಾಗುತ್ತವೆ. ಹಾಗಾಗಿ ಧ್ರುವವೃತ್ತದಿಂದ ಎಷ್ಟೋ ಮೇಲಿರುವ ನಾರ್ವೆಯ ಟ್ರೊಮ್ಸೊ ಊರಿನಲ್ಲಿ ಅಕ್ಟೋಬರ್ ತಿಂಗಳ ಹಗಲು ಐದು ಡಿಗ್ರಿ ಮುಟ್ಟುತ್ತದೆ, ಅದಕ್ಕಿಂತ ದಕ್ಷಿಣದಲ್ಲಿದ್ದೂ ಒಳನಾಡಿನಲ್ಲಿರುವ ರೊವಾನಿಯೆಮಿ ಅದಕ್ಕಿಂತ ತಣ್ಣಗಿರುತ್ತದೆ.

ಮಳೆಯಲ್ಲಿ ಅಂತರ ಇನ್ನೂ ದೊಡ್ಡದು. ನಮ್ಮ ಪಶ್ಚಿಮ ಘಟ್ಟದ ಹಾಗೆಯೇ ನಾರ್ವೆಯ ಪರ್ವತಸಾಲು ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಗಾಳಿಗೆ ಎದುರಾಗಿರುವ ಬರ್ಗನ್ ನಗರಕ್ಕೆ ವರ್ಷಕ್ಕೆ 2,200 ಮಿ.ಮೀ.ಗೂ ಹೆಚ್ಚು ಮಳೆ, ಮರೆಯಲ್ಲಿರುವ ಸ್ಟಾಕ್‌ಹೋಮ್‌ಗೆ ಸುಮಾರು 550 ಮಿ.ಮೀ. "ಆಗುಂಬೆಯ ಮಳೆ ಕಂಡವರಿಗೆ ಇದೇನು ಮಹಾ" ಎಂದು ಮಲೆನಾಡಿನವರು ಹೇಳುವುದನ್ನು ಕೇಳಿದ್ದೇನೆ. ಆಗುಂಬೆಯ ಮಳೆ ಸುರಿದು ಹೋಗುತ್ತದೆ, ಮೈ ಒದ್ದೆಯಾದರೂ ಗಾಳಿ ಅಷ್ಟು ತಣ್ಣಗಿರುವುದಿಲ್ಲ. ಬರ್ಗನ್ನಿನದು ಎಂಟು ಡಿಗ್ರಿಯ ಸೋನೆ, ಅದಕ್ಕೆ ಗಾಳಿಯ ಇರಚಲು. ಬೆಳಿಗ್ಗೆ ಹಿಡಿದದ್ದು ಸಂಜೆಯವರೆಗೂ ಬಿಡದಿರಬಹುದು.

ಹಿರಿಯರು ಜೊತೆಗಿದ್ದರೆ ಅಕ್ಟೋಬರ್‌ನಲ್ಲಿ ಸ್ವೀಡನ್, ಡೆನ್ಮಾರ್ಕ್, ದಕ್ಷಿಣ ಫಿನ್‌ಲೆಂಡ್ ಇಟ್ಟುಕೊಳ್ಳಿ. ನಾರ್ವೆಯ ಕಡಲ ಕೊಲ್ಲಿಗಳು, ಐಸ್‌ಲೆಂಡ್, ಫೆರೋ ದ್ವೀಪಗಳನ್ನು ಒದ್ದೆಯಾಗಲು ಸಿದ್ಧರಿರುವವರಿಗೆ ಬಿಡಿ.

ಹಂತ 3: ಬೆಳಕಿನ ಪಟ್ಟಿ ಬರೆದುಕೊಳ್ಳಿ

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯ ವ್ಯತ್ಯಾಸ. ಆದ್ದರಿಂದ ಪ್ರವಾಸದ ಯೋಜನೆಯಲ್ಲಿ ಸೂರ್ಯಾಸ್ತವನ್ನು ನೋಡುವ ಅಭ್ಯಾಸವೇ ನಮಗಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಸೆಪ್ಟೆಂಬರ್ ಮಧ್ಯದಲ್ಲಿ ಸಂಜೆ ಏಳರ ನಂತರ ಮುಳುಗುವ ಸೂರ್ಯ ಅಕ್ಟೋಬರ್ ಮಧ್ಯದಲ್ಲಿ ಆರಕ್ಕೆ ಮೊದಲೇ, ನವೆಂಬರ್ ಮಧ್ಯದಲ್ಲಿ ಮೂರೂವರೆಗೆ ಮೊದಲೇ ಮುಳುಗುತ್ತಾನೆ. ರೇಕ್ಯಾವಿಕ್‌ನಲ್ಲಿ ನವೆಂಬರ್ ಕೊನೆಯ ದಿನಗಳಲ್ಲಿ ಬೆಳಗಾಗುವುದೇ ಹತ್ತೂವರೆ ಕಳೆದ ಮೇಲೆ. ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ.

ಮಾಡಬೇಕಾದದ್ದು ಇಷ್ಟು: ನೀವು ತಂಗುವ ಪ್ರತಿ ಊರಿನ ಮುಂದೆ ಆ ದಿನದ ಸೂರ್ಯೋದಯ, ಸೂರ್ಯಾಸ್ತವನ್ನು ಬರೆಯಿರಿ. ಹೊರಾಂಗಣದ ಸ್ಥಳಗಳನ್ನು ಆ ಎರಡು ಹೊತ್ತುಗಳ ನಡುವೆ ತುಂಬಿಸಿ, ವಸ್ತುಸಂಗ್ರಹಾಲಯ ಮತ್ತು ಊಟವನ್ನು ಕತ್ತಲಿಗೆ ತಳ್ಳಿ. ನಮ್ಮ ಅಭ್ಯಾಸದಂತೆ ಹತ್ತೂವರೆಗೆ ತಿಂಡಿ ಮುಗಿಸಿ ಹೊರಟರೆ ನವೆಂಬರ್ ಮಧ್ಯದ ಸ್ಟಾಕ್‌ಹೋಮ್‌ನಲ್ಲಿ ನಿಮ್ಮ ಕೈಗೆ ಸಿಗುವುದು ಐದು ಗಂಟೆಗಿಂತ ಕಡಿಮೆ ಬೆಳಕು.

ಗಡಿಯಾರದ ವಿಷಯವೂ ಇದೆ. ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡ್‌ಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಿಂದಿನ ದಿನ ಐದಕ್ಕೆ ಆಗುತ್ತಿದ್ದ ಕತ್ತಲೆ ಅಂದು ನಾಲ್ಕಕ್ಕೇ ಆಗುತ್ತದೆ. ಐಸ್‌ಲೆಂಡಿನಲ್ಲಿ ಈ ಪದ್ಧತಿ ಇಲ್ಲ. ಮೊಬೈಲ್ ತಾನೇ ಬದಲಾಗುತ್ತದೆ, ಕೈಗಡಿಯಾರವನ್ನು ನೀವೇ ಬದಲಿಸಬೇಕು.

ಹಂತ 4: ಬಟ್ಟೆ, ಮೂರು ಪದರಗಳಲ್ಲಿ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ನನ್ನ ಅಕ್ಕ ಮತ್ತು ಭಾವ ಅಕ್ಟೋಬರ್ ಮೂರನೆಯ ವಾರ ಬರ್ಗನ್‌ಗೆ ಬಂದಿದ್ದರು. ಇಬ್ಬರೂ ಜೀನ್ಸ್ ಪ್ಯಾಂಟು ಹಾಕಿದ್ದರು, ಒಳಗೆ ಹತ್ತಿಯ ಬನಿಯನ್. ಬಂದರಿನ ದಂಡೆಯ ಹಳೆಯ ಮರದ ಮನೆಗಳ ಸಾಲಿನಲ್ಲಿ ಇಪ್ಪತ್ತು ನಿಮಿಷ ನಡೆಯುವಷ್ಟರಲ್ಲಿ ಭಾವನ ಛತ್ರಿ ಒಳಹೊರಗಾಗಿ ಎರಡು ಕಡ್ಡಿ ಮುರಿಯಿತು. ಅಕ್ಕನ ಜೀನ್ಸ್ ತೊಡೆಯವರೆಗೆ ನೆನೆದು ಚರ್ಮಕ್ಕೆ ಅಂಟಿಕೊಂಡಿತು. ಹೋಟೆಲಿಗೆ ಮರಳಿದಾಗ ಅವಳ ಮೊಣಕಾಲು ಕೆಂಪಾಗಿತ್ತು, ಬೆರಳುಗಳಿಗೆ ಜಿಪ್ ಎಳೆಯಲಾಗಲಿಲ್ಲ. ಆ ಪ್ಯಾಂಟು ಎರಡು ರಾತ್ರಿ ಕಳೆದರೂ ಸೊಂಟದ ಪಟ್ಟಿಯಲ್ಲಿ ಒದ್ದೆಯಾಗಿಯೇ ಇತ್ತು. ಆ ದಿನ ಉಷ್ಣಾಂಶ ಒಂಬತ್ತು ಡಿಗ್ರಿ. ಒಣಗಿದ್ದರೆ ಅದು ಚಳಿಯೇ ಅಲ್ಲ.

ಮೈಗೆ ತಾಗುವ ಮೊದಲ ಪದರ ಉಣ್ಣೆಯದಿರಲಿ, ಮೆರಿನೊ ಉಣ್ಣೆ ಸಿಕ್ಕರೆ ಉತ್ತಮ. ಅದು ಒದ್ದೆಯಾದರೂ ಬಿಸಿ ಉಳಿಸಿಕೊಳ್ಳುತ್ತದೆ, ಮೂರು ದಿನ ತೊಟ್ಟರೂ ಬೆವರು ನಾರುವುದಿಲ್ಲ. ಹತ್ತಿ ನೀರು ಹೀರಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಹವೆಗೆ ಹತ್ತಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಅಲ್ಲಿ ಮಾತ್ರ ಅದನ್ನು ಮನೆಯಲ್ಲೇ ಬಿಡಿ.

ನಡುವಿನ ಪದರ ಸ್ವೆಟರ್ ಅಥವಾ ಫ್ಲೀಸ್. ತೆಗೆದು ಚೀಲಕ್ಕೆ ತುರುಕುವಂತಿರಬೇಕು. ಹೊರಗೆ ಐದು ಡಿಗ್ರಿ ಇದ್ದರೂ ಅಂಗಡಿ, ರೈಲು, ವಸ್ತುಸಂಗ್ರಹಾಲಯಗಳ ಒಳಗೆ ಇಪ್ಪತ್ತು ಇಪ್ಪತ್ತೆರಡು ಡಿಗ್ರಿ ಇರುತ್ತದೆ. ದಪ್ಪ ಥರ್ಮಲ್ ತೊಟ್ಟು ಒಳಗೆ ಹೋದವರು ಹತ್ತು ನಿಮಿಷದಲ್ಲಿ ಬೆವರುತ್ತಾರೆ, ಆ ಬೆವರಿನೊಂದಿಗೆ ಹೊರಗೆ ಬಂದ ಕೂಡಲೇ ನಡುಗುತ್ತಾರೆ. ಒಂದು ದಪ್ಪ ಜರ್ಕಿನ್‌ಗಿಂತ ಎರಡು ತೆಳು ಪದರ ಮೇಲು.

ಹೊರಗಿನ ಪದರಕ್ಕೆ ಮಾತ್ರ ಜಿಪುಣತನ ಬೇಡ. ಟೊಪ್ಪಿ ಇರುವ ಜಾಕೆಟ್, ಅದರ ಜೊತೆಗೆ ಮಳೆಪ್ಯಾಂಟು, ಎರಡೂ ಬೇಕು. ಮಳೆಪ್ಯಾಂಟು ಯಾರೂ ತರುವುದಿಲ್ಲ, ಎಲ್ಲರೂ ಆಮೇಲೆ ಅಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಚೀಟಿಯ ಮೇಲೆ ನೀರು ತಡೆಯುವ ಅಳತೆ ಮಿಲಿಮೀಟರಿನಲ್ಲಿ ಬರೆದಿರುತ್ತದೆ. 10,000 ಅಥವಾ ಅದಕ್ಕಿಂತ ಹೆಚ್ಚಿರಲಿ. "ವಾಟರ್ ರೆಸಿಸ್ಟೆಂಟ್" ಎಂದಷ್ಟೇ ಇದ್ದರೆ ತುಂತುರಿಗೆ ಸಾಕು, ಸೋನೆಗೆ ಸಾಲದು.

ಮನೆಯಲ್ಲೇ ಪರೀಕ್ಷೆ ಮಾಡಿ. ಜಾಕೆಟ್ ತೊಟ್ಟು ಹತ್ತು ನಿಮಿಷ ಶವರ್ ಕೆಳಗೆ ನಿಲ್ಲಿ. ಕೈಗಳನ್ನು ಮೇಲೆತ್ತಿ ಇಳಿಸಿ. ಭುಜದ ಹೊಲಿಗೆ, ಜಿಪ್‌ನ ಹಿಂಭಾಗ, ಕುತ್ತಿಗೆ, ಈ ಮೂರು ಕಡೆ ಒಳಗೆ ಬೆರಳು ಆಡಿಸಿ ನೋಡಿ. ತೇವ ಸಿಕ್ಕಿದರೆ ಆ ಜಾಕೆಟ್ ಅಂಗಡಿಗೆ ಮರಳಲಿ.

ಶೂ ಕಣಕಾಲು ಮುಚ್ಚುವಂಥದ್ದು, ನೀರು ಒಳಬಿಡದಂಥದ್ದು, ತಳ ಆಳವಾಗಿ ಕೊರೆದಿರುವಂಥದ್ದು ಬೇಕು. ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಅರ್ಧ ಸೈಜು ದೊಡ್ಡದಿರಲಿ. ಬಿಗಿ ಶೂನಲ್ಲಿ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಹೊರಡುವ ಎರಡು ವಾರ ಮೊದಲಿನಿಂದ ದಿನವೂ ತೊಟ್ಟು ಓಡಾಡಿ, ಹೊಸ ಶೂ ಕಚ್ಚುವುದು ಊರಿನಲ್ಲೇ ಮುಗಿಯಲಿ.

ಸೀರೆ ಬಿಡಲೊಲ್ಲದ ಅಮ್ಮಂದಿರಿಗೆ ಎರಡು ಮಾತು. ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿಸಿ, ಸೀರೆಯನ್ನು ಗೇಣುದ್ದ ಮೇಲೆ ಉಡಿಸಿ. ನೆರಿಗೆಯ ಅಂಚು ಒಮ್ಮೆ ನೆನೆದರೆ ನೀರು ಮೇಲಕ್ಕೇರುತ್ತಲೇ ಹೋಗುತ್ತದೆ. ಚಪ್ಪಲಿಯಂತೂ ಹೋಟೆಲ್ ಕೋಣೆಗೆ ಮಾತ್ರ.

ಕಿವಿ ಮುಚ್ಚುವ ಟೊಪ್ಪಿ, ಎರಡು ಜೊತೆ ಕೈಗವಸು (ಒಂದು ನೆನೆದಾಗ ಇನ್ನೊಂದು), ತುಟಿಗೆ ಹಚ್ಚುವ ಮುಲಾಮು ಮರೆಯಬೇಡಿ. ಪ್ರತಿಯೊಬ್ಬರ ಕೋಟಿಗೂ ತೂಗುವ ಒಂದು ಬೆಳಕಿನ ಬಿಲ್ಲೆಯೂ ಬೇಕು. ಇದು ವಾಹನದ ದೀಪ ಬಿದ್ದಾಗ ಹೊಳೆಯುವ ಪ್ಲಾಸ್ಟಿಕ್ ಬಿಲ್ಲೆ, ಅಲ್ಲಿ ಅಂಗಡಿಗಳಲ್ಲಿ ಸಿಗುತ್ತದೆ. ಕಪ್ಪು ಕೋಟು, ಒದ್ದೆ ರಸ್ತೆ, ನಾಲ್ಕು ಗಂಟೆಯ ಕತ್ತಲೆ ಸೇರಿದರೆ ಚಾಲಕನಿಗೆ ನೀವು ತೀರಾ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಫಿನ್‌ಲೆಂಡಿನಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರ ಕೋಟಿನಲ್ಲೂ ಇದು ತೂಗುವುದನ್ನು ನೋಡುತ್ತೀರಿ.

ಹಂತ 5: ಮುನ್ಸೂಚನೆಯನ್ನು ಸರಿಯಾಗಿ ಓದಿ

ಮೊಬೈಲಿನಲ್ಲಿ ತಾನಾಗಿ ಕಾಣುವ ಹವಾಮಾನ ಚಿತ್ರವನ್ನು ನಂಬಿ ಹೊರಡಬೇಡಿ. ನಾರ್ವೆಯ ಹವಾಮಾನ ಸಂಸ್ಥೆ ಮತ್ತು ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಸೇರಿ ನಡೆಸುವ "ವೈ.ಆರ್." (Yr) ಆ್ಯಪ್ ಉಚಿತ, ಇಂಗ್ಲಿಷ್‌ನಲ್ಲೂ ಇದೆ. ಹವಾಮಾನ ಸಂಸ್ಥೆಗಳಾದ ಸ್ವೀಡನ್ನಿನ ಎಸ್.ಎಂ.ಎಚ್.ಐ., ಡೆನ್ಮಾರ್ಕಿನ ಡಿ.ಎಂ.ಐ., ಫಿನ್‌ಲೆಂಡಿನ ಎಫ್.ಎಂ.ಐ. ಹಾಗೂ ಐಸ್‌ಲೆಂಡಿನ ಹವಾಮಾನ ಕಚೇರಿ ತಮ್ಮ ತಮ್ಮ ಎಚ್ಚರಿಕೆಗಳನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಕೊಡುತ್ತವೆ.

ಮೊದಲು ಗಾಳಿ ನೋಡಿ, ಆಮೇಲೆ ಮಳೆ, ಕೊನೆಗೆ ಉಷ್ಣಾಂಶ. ಅಲ್ಲಿ ಗಾಳಿಯನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. "10" ಎಂದು ಕಂಡದ್ದನ್ನು ಹತ್ತು ಕಿಲೋಮೀಟರ್ ವೇಗ ಎಂದುಕೊಂಡು ಹೊರಟವರಿದ್ದಾರೆ. ಅದನ್ನು 3.6ರಿಂದ ಗುಣಿಸಿ: ಗಂಟೆಗೆ 36 ಕಿ.ಮೀ. ಐದು ಡಿಗ್ರಿಯ ದಿನ ಅಷ್ಟು ಗಾಳಿ ಬೀಸಿದರೆ ಮೈಗೆ ಶೂನ್ಯ ಡಿಗ್ರಿಯ ಅನುಭವವಾಗುತ್ತದೆ. 15 ದಾಟಿದರೆ ಕಡಲಂಚು, ಬೆಟ್ಟದ ತುದಿ ಬೇಡ. 20 ದಾಟಿದರೆ ಆ ದಿನದ ಪ್ರಯಾಣವನ್ನೇ ಕೈಬಿಡಿ.

ಮಳೆಗೆ ಮೋಡದ ಚಿತ್ರ ನೋಡದೆ ಗಂಟೆಗಂಟೆಯ ಮಿಲಿಮೀಟರ್ ನೋಡಿ. ಹೊರಡುವ ವಾರಕ್ಕೆ ಮೊದಲು ಕಂಡ ಮುನ್ಸೂಚನೆಗೆ ಕಟ್ಟುಬೀಳಬೇಡಿ, ಎರಡು ಮೂರು ದಿನಗಳದ್ದು ಮಾತ್ರ ನಂಬಲು ಯೋಗ್ಯ. ಐಸ್‌ಲೆಂಡಿನಲ್ಲಿ ಬೆಳಿಗ್ಗೆ ನೋಡಿದ್ದನ್ನು ಮಧ್ಯಾಹ್ನ ಮತ್ತೊಮ್ಮೆ ನೋಡಿ.

ಹಂತ 6: ದಿನಗಳ ನಡುವೆ ಸಡಿಲ ಇಟ್ಟುಕೊಳ್ಳಿ

ಶರತ್ಕಾಲದ ಬಿರುಗಾಳಿಗೆ ಹಡಗು, ದ್ವೀಪಗಳ ವಿಮಾನ, ಬೆಟ್ಟದ ರಸ್ತೆ ಮೊದಲು ನಿಲ್ಲುತ್ತವೆ. ಊರಿಗೆ ಮರಳುವ ವಿಮಾನದ ಹಿಂದಿನ ರಾತ್ರಿ ದೊಡ್ಡ ನಗರದಲ್ಲೇ ಇರಿ. ಕೊನೆಯ ದಿನ ಬೆಳಿಗ್ಗೆ ದ್ವೀಪದಿಂದ ಹೊರಟು ಸಂಜೆ ವಿಮಾನ ಹಿಡಿಯುವ ಯೋಜನೆ ಬೇಸಿಗೆಗೆ ಸರಿ, ಅಕ್ಟೋಬರ್‌ಗೆ ಅಲ್ಲ.

ಯಾವುದು ತೆರೆದಿದೆ ಎಂಬುದನ್ನೂ ವಿಚಾರಿಸಿ. ಸ್ಟಾಕ್‌ಹೋಮ್ ಸುತ್ತಲಿನ ದ್ವೀಪಗಳಿಗೆ ದೋಣಿಗಳು ಕಡಿಮೆಯಾಗುತ್ತವೆ, ಐಸ್‌ಲೆಂಡಿನ ಒಳನಾಡಿನ ಬೆಟ್ಟದ ರಸ್ತೆಗಳು ಮುಚ್ಚುತ್ತವೆ, ನಾರ್ವೆಯ ಎತ್ತರದ ರಸ್ತೆಗಳು ಮೊದಲ ಹಿಮಕ್ಕೆ ಮುಚ್ಚುತ್ತವೆ.

ರಾತ್ರಿಯ ಆಕಾಶದಲ್ಲಿ ಬಣ್ಣಬಣ್ಣವಾಗಿ ಮಿನುಗುವ ಉತ್ತರದ ಬೆಳಕು (ಅರೋರಾ) ನೋಡುವವರಿಗೂ ಇದೇ ಮಾತು. ಸೆಪ್ಟೆಂಬರ್‌ನಿಂದಲೇ ಅದು ಕಾಣುತ್ತದೆ, ಕೊರೆಯುವ ಚಳಿ ಬೇಕಿಲ್ಲ, ಮೋಡವಿಲ್ಲದ ಕತ್ತಲೆ ಬೇಕು. ಒಂದೇ ರಾತ್ರಿ ಇಟ್ಟುಕೊಂಡು ಹೋದರೆ ಮೋಡ ನೋಡಿ ಬರಬೇಕಾದೀತು. ಮೂರು ನಾಲ್ಕು ರಾತ್ರಿ ಇರಲಿ. ಬೆಟ್ಟಗಳು ಮೋಡವನ್ನು ತಡೆಯುವ ಸ್ವೀಡನ್ನಿನ ಅಬಿಸ್ಕೊದಂಥ ಊರು ಕರಾವಳಿಗಿಂತ ವಾಸಿ.

ಹಂತ 7: ಕಾರು ಬಾಡಿಗೆಗೆ ತೆಗೆಯುವುದಾದರೆ

ಕೀಲಿ ತೆಗೆದುಕೊಳ್ಳುವ ಮೊದಲೇ ಯಾವ ಟೈರು ಹಾಕಿದ್ದಾರೆ ಎಂದು ಕೇಳಿ. ಸ್ವೀಡನ್ನಿನಲ್ಲಿ ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಡಿಸೆಂಬರ್ 1ರಿಂದ, ಫಿನ್‌ಲೆಂಡಿನಲ್ಲಿ ಹವೆ ಕೆಟ್ಟರೆ ನವೆಂಬರ್‌ನಿಂದಲೇ ಚಳಿಗಾಲದ ಟೈರು ಕಡ್ಡಾಯ. ಕಾನೂನು ಹೇಳದಿದ್ದರೂ ಅಕ್ಟೋಬರ್ ಮಧ್ಯದ ನಂತರ ಉತ್ತರಕ್ಕೆ ಹೋಗುವವರು ಅದನ್ನೇ ಕೇಳಿ ಪಡೆಯಿರಿ.

ಅಪಾಯದ ಗುರುತು ಒಂದೇ: ಕಾರಿನ ಫಲಕದಲ್ಲಿ ಉಷ್ಣಾಂಶ ಮೂರಕ್ಕಿಂತ ಕೆಳಗಿಳಿದರೆ ರಸ್ತೆ ಜಾರುತ್ತದೆ ಎಂದೇ ತಿಳಿಯಿರಿ. ಒದ್ದೆ ಡಾಂಬರಿನಂತೆ ಕಾಣುವ ತೆಳು ಮಂಜುಗಡ್ಡೆ ಕಣ್ಣಿಗೆ ಬೀಳುವುದಿಲ್ಲ. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ. ಅಲ್ಲಿ ಬ್ರೇಕ್ ತುಳಿಯಬೇಡಿ, ಸ್ಟಿಯರಿಂಗ್ ಥಟ್ಟನೆ ತಿರುಗಿಸಬೇಡಿ, ಮೊದಲೇ ವೇಗ ಇಳಿಸಿ.

ಮುಸ್ಸಂಜೆ ಮತ್ತು ಬೆಳಗಿನ ಜಾವ ಕಾಡಿನ ರಸ್ತೆಗಳಲ್ಲಿ ಮೂಸ್ ಎಂಬ ಭಾರಿ ಕಡವೆ ಅಡ್ಡ ಬರುತ್ತದೆ. ಕುದುರೆಯಷ್ಟು ಎತ್ತರದ ಪ್ರಾಣಿ, ಡಿಕ್ಕಿ ಹೊಡೆದರೆ ಅದರ ದೇಹ ಬಾನೆಟ್ ಮೇಲಿಂದ ನೇರ ಗಾಜಿಗೆ ಬರುತ್ತದೆ. ಒಂದು ದಾಟಿದ ಮೇಲೆ ಹಿಂದೆ ಮರಿ ಇರಬಹುದು, ಕಾಯಿರಿ.

ಐಸ್‌ಲೆಂಡಿನಲ್ಲಿ ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಬಾಗಿಲನ್ನು ಕೈಯಲ್ಲಿ ಬಿಗಿಯಾಗಿ ಹಿಡಿದೇ ತೆರೆಯಿರಿ. ಗಾಳಿ ಬಾಗಿಲನ್ನು ಹಿಂದಕ್ಕೆ ಮಡಚಿ ಕೀಲು ಮುರಿಯುವುದು ಅಲ್ಲಿ ಮಾಮೂಲು, ಆ ನಷ್ಟ ಸಾಮಾನ್ಯವಾಗಿ ವಿಮೆಗೆ ಸೇರಿರುವುದಿಲ್ಲ.

ಹಂತ 8: ಎಲ್ಲಿ ನಿಲ್ಲಬೇಕು ಎಂದು ತಿಳಿದಿರಿ

ಜೊತೆಗಿರುವವರು ಬಿಡದೆ ನಡುಗುತ್ತಿದ್ದರೆ, ಮಾತು ತೊದಲಿದರೆ, ಗುಂಡಿ ಹಾಕಲು ಬೆರಳು ಆಡದಿದ್ದರೆ, ಕಾಲು ಎಡವತೊಡಗಿದರೆ ಸುತ್ತಾಟ ಅಲ್ಲಿಗೆ ಮುಗಿಯಿತು. ಹತ್ತಿರದ ಬೆಚ್ಚನೆಯ ಕಟ್ಟಡಕ್ಕೆ ಹೋಗಿ, ಒದ್ದೆ ಬಟ್ಟೆ ಬದಲಿಸಿ, ಬಿಸಿ ಬಿಸಿಯಾಗಿ ಸಿಹಿ ಏನಾದರೂ ಕುಡಿಸಿ. ನಡುಗುತ್ತಿದ್ದವರು ಒಣಗದೆಯೇ, ಬೆಚ್ಚಗಾಗದೆಯೇ ನಡುಕ ನಿಂತು ಮಂಕಾದರೆ ಅದು ಸುಧಾರಣೆಯಲ್ಲ, ದೊಡ್ಡ ಅಪಾಯ. ಕೂಡಲೇ 112ಕ್ಕೆ ಕರೆ ಮಾಡಿ. ಈ ಎಲ್ಲ ದೇಶಗಳಲ್ಲೂ ಆ ಸಂಖ್ಯೆಗೆ ಕರೆ ಹೋಗುತ್ತದೆ, ನಾರ್ವೆಯಲ್ಲಿ ಮಾತ್ರ ಅದು ಪೊಲೀಸರದ್ದು, ಆಂಬುಲೆನ್ಸಿಗೆ ನೇರ ಸಂಖ್ಯೆ 113.

ಐಸ್‌ಲೆಂಡಿನ ರೇನಿಸ್‌ಫ್ಯಾರಾ ಕಪ್ಪು ಮರಳಿನ ದಂಡೆಯಲ್ಲಿ ಫೋಟೋಕ್ಕಾಗಿ ಕಡಲಿಗೆ ಬೆನ್ನು ಹಾಕಬೇಡಿ. ಶಾಂತವಾಗಿ ಕಾಣುವ ನೀರಿನಿಂದ ಒಂದು ಅಲೆ ಉಳಿದವಕ್ಕಿಂತ ಬಹಳ ಮೇಲೆ ನುಗ್ಗಿ ಬರುತ್ತದೆ. ಅಲ್ಲಿ ಜೀವಗಳು ಹೋಗಿವೆ.

ಹಂತ 9: ಕೋಣೆಗೆ ಮರಳಿದ ಕೂಡಲೇ

ದಣಿವಾಗಿದೆ ಎಂದು ಒದ್ದೆ ಶೂವನ್ನು ಬಾಗಿಲ ಬಳಿ ಬಿಟ್ಟು ಮಲಗಿದರೆ ಮರುದಿನ ಅದೇ ಒದ್ದೆಯೊಳಗೆ ಕಾಲಿಡಬೇಕು. ಸ್ವೀಡನ್ನಿನ ಹಾಸ್ಟೆಲು, ಅಪಾರ್ಟ್‌ಮೆಂಟುಗಳಲ್ಲಿ ಬಟ್ಟೆ ಒಣಗಿಸುವ ಬಿಸಿಗಾಳಿಯ ಕಪಾಟು ಇರುವುದುಂಟು, ಕೇಳಿ ನೋಡಿ. ಅನೇಕ ಹೋಟೆಲುಗಳ ಬಚ್ಚಲಿನ ನೆಲ ಬೆಚ್ಚಗಿರುತ್ತದೆ, ಮಳೆಪ್ಯಾಂಟು ಅಲ್ಲಿ ಹರಡಿ.

ಶೂವನ್ನು ಮಾತ್ರ ಹೀಟರಿನ ಮೇಲೆ ಇಡಬೇಡಿ, ಅಂಟು ಬಿಟ್ಟು ತಳ ಕಿತ್ತು ಬರುತ್ತದೆ. ಒಳಗಿನ ಮೆತ್ತೆಯನ್ನು ಹೊರಗೆ ತೆಗೆದು, ಲೇಸು ಪೂರ್ತಿ ಸಡಿಲಿಸಿ, ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ತುದಿಯವರೆಗೆ ಒತ್ತಿ ತುಂಬಿ. ಒಂದು ಗಂಟೆಗೆ ಕಾಗದ ತಣ್ಣಗೆ ಭಾರವಾಗಿರುತ್ತದೆ. ಅದನ್ನು ಎಸೆದು ಹೊಸದು ತುಂಬಿ, ಮಲಗುವ ಮುನ್ನ ಇನ್ನೊಮ್ಮೆ ಬದಲಿಸಿ.